ಮಂಡಕ್ಕಿ ಡಬ್ಬಿಯೊಳಗಿನ ಆಯುಧ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೬ ಅಕ್ಟೋಬರ್ ೨೦೨೫, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಕಲ್ಲೇಶಪ್ಪನಿಗೆ ನಿನ್ನ ಅಕ್ಕ ಅಕ್ಕನಾಗಮ್ಮನ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ವಿಚಾರ. ಮಂಡಿ ನೋವು ಕಡಿಮೆಯಾಯಿತೇ? ಸಕ್ಕರೆ ಇಳಿಯಿತೇ? ಬೆಳಿಗ್ಗೆ ಎದ್ದ ಕೂಡಲೇ ಬೂದುಗುಂಬಳದ ರಸ ಕುಡಿಸಿ, ಹೊಟ್ಟೆಯ ಮೇಲೆ ಕೆಸರು ಮೆತ್ತಿ ಮಲಗಿಸುತ್ತಾರೆ ಎಂದು ನಿನ್ನ ಹೆಂಡತಿ ರೂಪಶ್ರೀ ಹೇಳಿದಳು. ಕೇಳಿ ನಗು ಬಂತು. ಮೂರು ಬೆಣ್ಣೆ ದೋಸೆ ತಿಂದು ನಾಲ್ಕನೆಯದಕ್ಕೆ ಬೆಣ್ಣೆ ಸಾಲದು ಎಂದು ಜಗಳ ತೆಗೆಯುವ ನೀನು ಇಪ್ಪತ್ತೊಂದು ದಿನ ಕುಂಬಳಕಾಯಿ ನೀರು ಕುಡಿಯುವುದನ್ನು ನೋಡಲು ಅಪ್ಪ ಇರಬೇಕಿತ್ತು. ಆ ಪ್ರಕೃತಿ ಚಿಕಿತ್ಸೆಯವರು ಮನಸ್ಸಿಗೆ ಶಾಂತಿ ಸಿಗಲಿ ಎಂದು ಸೇರುವಾಗಲೇ ಫೋನು ಕಿತ್ತಿಟ್ಟುಕೊಳ್ಳುತ್ತಾರಂತೆ. ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ನಾನು ಎರಡು ಮಾತು ಆಡುವಷ್ಟರಲ್ಲಿ 'ಅಕ್ಕಾ, ಸಿಗ್ನಲ್ ಇಲ್ಲ, ಆಮ್ಯಾಲೆ ಮಾಡ್ತೀನಿ' ಎಂದು ನೀನು ಇಟ್ಟುಬಿಡುತ್ತಿದ್ದೆ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಕೆಸರು ಮೆತ್ತಿಸಿಕೊಂಡು ಅಲ್ಲಾಡದೆ ಮಲಗಿರುತ್ತೀಯಲ್ಲ, ಆಗ ಓದು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಒಂದು ಏರಿದೆ, ಯಾಕೆ ಎಂದು ಮುಂದೆ ಬರೆಯುತ್ತೇನೆ.

ಸುದ್ದಿ ನಮ್ಮ ಹಾಸ್ಟೆಲ್ಲಿನದು. ಸರಸ್ವತಿ ನಗರದಲ್ಲಿ ಅಪ್ಪ ಗೆಳೆಯರ ಜೊತೆ ಸೇರಿ ಅದನ್ನು ಕಟ್ಟಿಸಿದಾಗ ನಿನಗೆ ಹತ್ತು ವರ್ಷ. ಯಾವ ಜಾತಿಯವನೇ ಇರಲಿ, ಓದುವ ಹುಡುಗನಿಗೆ ತಲೆಯ ಮೇಲೊಂದು ಸೂರು, ಎರಡು ಹೊತ್ತು ಊಟ ಇರಲಿ ಎಂಬುದು ಅವರ ಆಸೆ. ಈಗ ಅದರ ಕಮಿಟಿಯಲ್ಲಿ ಒಂಬತ್ತು ಜನ ಗಂಡಸರು, ಹತ್ತನೆಯವಳು ನಾನು. ಅಪ್ಪನ ಮಗಳು ಎಂಬ ಕಾರಣಕ್ಕೆ, ಮತ್ತೆ ನಡಾವಳಿ ಬರೆಯಲು ನನ್ನ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ. ಕಳೆದ ಬುಧವಾರ ಆಯುಧ ಪೂಜೆ. ಎಂದಿನಂತೆ ಊಟದ ಹಾಲಿನಲ್ಲಿ ಮಣೆ ಹಾಕಿದ್ದರು. ಅಡುಗೆಮನೆಯ ಸೌಟು, ಈಳಿಗೆ ಮಣೆ, ಹುಡುಗರ ಬೈಕಿನ ಕೀಲಿಕೈ, ಲ್ಯಾಪ್‌ಟಾಪು, ಕೋಣೆಗೊಂದರಂತೆ ಪುಸ್ತಕದ ಗುಡ್ಡೆ. ಅಡುಗೆಯ ಓಬವ್ವ ಒಂದೊಂದಕ್ಕೂ ಕುಂಕುಮ ಹಚ್ಚುತ್ತಾ ಬಂದಳು. ಹದಿನಾಲ್ಕನೆಯ ಕೋಣೆಯ ಪುಸ್ತಕಗಳ ಹಿಂದೆ ಟವೆಲ್ಲಿನಲ್ಲಿ ಸುತ್ತಿದ ಏನೋ ಇತ್ತು. ಕುಂಕುಮ ತಪ್ಪಬಾರದಲ್ಲ ಎಂದು ಟವೆಲ್ಲು ಬಿಡಿಸಿದಳು. ಒಳಗೆ ರಿವಾಲ್ವರ್. ಆ ಹೆಂಗಸು ಕೂಗಲಿಲ್ಲ, ಕಿರುಚಲಿಲ್ಲ. ಅದನ್ನು ಹಾಗೇ ಕುಂಕುಮದ ತಟ್ಟೆಯ ಮೇಲೆ ಇಟ್ಟುಕೊಂಡು ನಾನು ಕೂತಿದ್ದ ಆಫೀಸಿಗೆ ನಡೆದು ಬಂದು ಮೇಜಿನ ಮೇಲೆ ಇಟ್ಟಳು. 'ಟವೆಲ್ಲು ನನ್ನ ಮಗಂದೇ ಐತೆ ರೀ, ನಾನೇ ಹರಿಹರದ ಸಂತ್ಯಾಗ ಕೊಡ್ಸಿದ್ದು. ಒಳಗಿಂದು ನಮ್ದಲ್ಲ' ಎಂದಳು. ಓಬವ್ವ ಯಾರು ಎಂದು ನಿನಗೆ ಹೇಳಬೇಕಿಲ್ಲ. ಹರಿಹರದ ನಿನ್ನ ಗಿರಣಿಯಲ್ಲೇ ಹದಿನೆಂಟು ವರ್ಷದಿಂದ ಮೂಟೆ ಹೊರುತ್ತಿರುವ ಮಾಲತೇಶಪ್ಪನ ಹೆಂಡತಿ. ಅವಳ ಮಗ ಮಾರುತಿ ಇಂಜಿನಿಯರಿಂಗ್ ಕೊನೆಯ ವರ್ಷ. ಹದಿನಾಲ್ಕನೆಯ ಕೋಣೆಯಲ್ಲಿ ಇರುವವರು ಮೂವರು: ಮಾರುತಿ, ಹರಿಹರದ ನೌಮಾನ್, ಮತ್ತು ನಿನ್ನ ಕುಲದೀಪಕ ಮಹಾಂತೇಶ.

ಈಗ ಗೊತ್ತಾಯಿತಲ್ಲ, ಯಾವ ರಿವಾಲ್ವರ್ ಎಂದು. ನೋಡಿದ ಕೂಡಲೇ ನನಗೂ ಗೊತ್ತಾಯಿತು. ಸೀಳಿದ ಹಿಡಿಗೆ ಅಪ್ಪ ಸುತ್ತಿಸಿದ್ದ ತಾಮ್ರದ ತಂತಿ, ತಂತಿಯ ಸಂದಿಯಲ್ಲಿ ನಾನೇ ವರ್ಷವರ್ಷ ಹಚ್ಚಿದ ವಿಭೂತಿ. ನಮ್ಮ ಮನೆತನದ ಶೌರ್ಯವೆಲ್ಲ ಅದರಲ್ಲೇ ಇದೆ ಎಂದು ನೀನು ಮೀಸೆ ತಿರುವುತ್ತಿದ್ದೆ. ಏನು ಶೌರ್ಯವಪ್ಪ ಅದು! ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ ಬರಲು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಬೀಗರ ಮನೆಗೆ ಹೋಗುವವನಂತೆ ಕಾರಿನಲ್ಲಿ ಹೋಗುತ್ತಿದ್ದೆ. ಅಷ್ಟು ಬಿಟ್ಟರೆ ಅದು ಊರು ಕಂಡದ್ದಿಲ್ಲ. ನಿನ್ನ ಕೈಯಲ್ಲಿ ಅದು ಹಾರಿಸಿದ ಗುಂಡು ಒಂದೇ ಒಂದು, ಈ ವರ್ಷದ ಸಂಕ್ರಾಂತಿಯ ಮರುದಿನ. ಮಾಳಿಗೆಯ ಮೇಲೆ ಕೂತ ಮಂಗನಿಗೆ ಗುರಿಯಿಟ್ಟೆ, ಬಿದ್ದದ್ದು ನಿನ್ನದೇ ನೀರಿನ ಟ್ಯಾಂಕಿಗೆ. ಮಂಗ ಅಲ್ಲೇ ಕೂತು ಸೋರುವ ನೀರು ಕುಡಿದು ಹೋಯಿತು. ಅಂಥ ಆಯುಧ ನಾಲ್ಕು ತಿಂಗಳು ಅರವತ್ತು ಹುಡುಗರು ಮಲಗುವ ಕಟ್ಟಡದಲ್ಲಿತ್ತು. ಎಲ್ಲಿತ್ತು ಗೊತ್ತೇ? ಖಾರ ಮಂಡಕ್ಕಿಯ ಡಬ್ಬಿಯಲ್ಲಿ. ತಳದಲ್ಲಿ ರಿವಾಲ್ವರ್, ಮೇಲೆ ಮಂಡಕ್ಕಿ, ಡಬ್ಬಿ ಇಟ್ಟದ್ದು ಮಾರುತಿಯ ತಲೆದೆಸೆಯ ಗೂಡಿನಲ್ಲಿ. 'ಮುಟ್ಟಬ್ಯಾಡಲೇ, ಭಾಳ ಖಾರ ಐತೆ ಅಂತ ಮಹಾಂತೇಶ ಅಂದಿದ್ದ. ಹಸಿವಾದಾಗ ಎಷ್ಟೋ ಸಲ ಕೈ ಹಾಕಣ ಅನ್ನಿಸಿತ್ತು ಅಮ್ಮಾರ' ಎಂದು ಮಾರುತಿ ನನ್ನ ಹತ್ತಿರ ಹೇಳಿದ.

ನಮ್ಮ ಹಾಸ್ಟೆಲ್ಲಿನ ಭದ್ರತೆಯ ವೈಭವವನ್ನೂ ಕೇಳು. ನಾಲ್ಕು ಕ್ಯಾಮರಾ ಹಾಕಿಸಿದ್ದೇವೆ. ಅದರಲ್ಲಿ ಮೂರು ಉಗ್ರಾಣದ ಕಡೆಗೆ ನೋಡುತ್ತವೆ, ಓಬವ್ವ ಸೆರಗಿನಲ್ಲಿ ಬೇಳೆ ಕಟ್ಟಿಕೊಂಡು ಹೋದಾಳು ಎಂದು. ವಾರ್ಡನ್ ಕೊಟ್ಟೂರೇಶನ ಮೂಗು ಇದೆಯಲ್ಲ, ಅದು ಐದನೆಯ ಕ್ಯಾಮರಾ. ಆಗಸ್ಟ್‌ನಲ್ಲಿ ನೌಮಾನ್ ಮನೆಯಿಂದ ಒಂದು ಬೇಯಿಸಿದ ಮೊಟ್ಟೆ ತಂದಿದ್ದನ್ನು ಹತ್ತು ನಿಮಿಷದಲ್ಲಿ ವಾಸನೆ ಹಿಡಿದು ಪತ್ತೆ ಮಾಡಿದ. ಆ ಮೊಟ್ಟೆಯ ಮೇಲೆ ಒಂದೂವರೆ ಗಂಟೆ ಸಭೆ ನಡೆಯಿತು, ನಡಾವಳಿ ನಾನೇ ಬರೆದೆ. ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ರಿವಾಲ್ವರ್ ಇತ್ತು, ಅದರ ವಾಸನೆ ಮಾತ್ರ ಯಾರ ಮೂಗಿಗೂ ಬಡಿಯಲಿಲ್ಲ. ಬಡವರ ಮಕ್ಕಳ ಟ್ರಂಕನ್ನು ಗೇಟಿನಲ್ಲೇ ಬಿಚ್ಚಿ ನೋಡುತ್ತಾರೆ. ನಿನ್ನ ಕಾರು ಬಂದರೆ ಸೆಲ್ಯೂಟ್ ಹೊಡೆದು ಒಳಗೆ ಬಿಡುತ್ತಾರೆ. ಇದಕ್ಕೆ ನಾವು ಭದ್ರತೆ ಎಂದು ಹೆಸರಿಟ್ಟಿದ್ದೇವೆ.

ಶುಕ್ರವಾರ ಕಮಿಟಿ ಸೇರಿತು. ಅಧ್ಯಕ್ಷ ರಾಮಚಂದ್ರಪ್ಪನವರು ಬಿಳಿ ಶಲ್ಯ ಹೊದ್ದು, ಯಾರೋ ಸತ್ತ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಕೂತಿದ್ದರು. ಮೊದಲ ಪ್ರಶ್ನೆ ನೌಮಾನ್ ಎಲ್ಲಿ ಎಂದು. ಆ ಹುಡುಗ ರಜೆಗೆಂದು ವಾರದ ಹಿಂದೆಯೇ ಮನೆಗೆ ಹೋಗಿದ್ದ, ಅದಕ್ಕೇ ಬಚಾವಾದ. ಹಾಸ್ಟೆಲ್ಲಿನಲ್ಲಿ ಇದ್ದಿದ್ದರೆ ಅವತ್ತೇ ಅವನ ಕತೆ ಮುಗಿಯುತ್ತಿತ್ತು. ಎಲ್ಲರ ಮುಖದಲ್ಲೂ ಒಂದು ಕ್ಷಣ ನಿರಾಸೆ ಕಂಡಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಟವೆಲ್ಲು ನೆನಪಾಯಿತು. ಟವೆಲ್ಲು ಯಾರದು? ಮಾರುತಿಯದು. ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಶಾಲೆಯಲ್ಲಿ ಮಕ್ಕಳಿಗೆ ಗಾದೆಯಲ್ಲಿ ಓದಿಸಿದ್ದೆ, ಕಣ್ಣಾರೆ ನೋಡಿದ್ದು ಶುಕ್ರವಾರ. ಮೂಟೆ ಹೊರುವವನ ಮಗ ರಿವಾಲ್ವರ್ ಎಲ್ಲಿಂದ ತಂದ ಎಂದು ಒಬ್ಬರೂ ಕೇಳಲಿಲ್ಲ. ಮಹಾಂತೇಶನನ್ನು ಕರೆಸೋಣ ಎಂದು ಯಾರೋ ಅಂದಾಗ ರಾಮಚಂದ್ರಪ್ಪನವರು ನನ್ನ ಮುಖ ನೋಡದೆ, 'ದೊಡ್ಡೋರ ಮನಿ ಹೆಸರು ಇದ್ರಾಗ ಬಂದ್ರೆ ಸಂಸ್ಥೆ ಮರ್ಯಾದಿ ಹೋಗ್ತೈತೆ. ಇಂಥ ಹುಡುಗ ಒಬ್ಬ ಹೋದ್ರೆ ಏನೂ ಆಗಂಗಿಲ್ಲ' ಎಂದರು. ಅವರೂ ಅಪ್ಪನ ಕಾಲದಿಂದ ನಮ್ಮ ಮನೆಯ ಆಯುಧ ಪೂಜೆಗೆ ಬಂದವರೇ, ತಾಮ್ರದ ತಂತಿ ಅವರಿಗೂ ಗೊತ್ತು. ತೀರ್ಮಾನ ಹೀಗಾಯಿತು: ಪೊಲೀಸರಿಗೆ ತಿಳಿಸುವುದು ಬೇಡ. ಮಾರುತಿ ತಪ್ಪೊಪ್ಪಿಗೆ ಬರೆದುಕೊಟ್ಟು ಮಂಗಳವಾರದೊಳಗೆ ಹಾಸ್ಟೆಲ್ ಬಿಡುವುದು, ಅದರ ಪ್ರತಿ ಅವನ ಕಾಲೇಜಿಗೆ. ಓಬವ್ವನೂ ಕೆಲಸ ಬಿಡುವುದು. ಕಟ್ಟಡಕ್ಕೆ ಒಂದು ಶಾಂತಿ ಪೂಜೆ ಮಾಡಿಸುವುದು. ರಿವಾಲ್ವರನ್ನು ಹರಿಹರದ ಹೊಳೆಗೆ ಹಾಕುವುದು. 'ಅಕ್ಕಾರ, ನಿಮ್ಮ ತಮ್ಮಾರ ಊರು, ನೀವು ಹೋಗಿ ಬರ್ತಿರ್ತೀರಲ್ಲ' ಎಂದು ಅದನ್ನು ನನ್ನ ಚೀಲಕ್ಕೇ ಇಳಿಸಿದರು. ಒಡೆದ ದೇವರ ಫೋಟೊ ನೀರಿಗೆ ಬಿಡು ಎನ್ನುವ ಹಾಗೆ.

ನಾನು ಏನು ಮಾಡಿದೆ ಎಂದು ಕೇಳುತ್ತೀಯಾ? ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ ನೀತಿ ಹೇಳಿದವಳು ನಡಾವಳಿ ಬರೆದೆ. ದುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ. ಬಾಗಿಲ ಹೊರಗೆ ಓಬವ್ವ ಕೈ ಕಟ್ಟಿ ನಿಂತಿದ್ದಳು. ಅವಳನ್ನು ಆ ಕೆಲಸಕ್ಕೆ ಸೇರಿಸಿದವಳು ನಾನೇ. ಹೊರಗೆ ಬಂದಾಗ ಅವಳ ಕಡೆ ನೋಡದೆ ಚಪ್ಪಲಿ ಹುಡುಕುವವಳಂತೆ ತಲೆ ಬಗ್ಗಿಸಿಕೊಂಡು ಬಂದೆ. ನಿನ್ನನ್ನು ಬಯ್ಯಲು ಕೂತವಳು ಇದನ್ನು ಮೊದಲೇ ಬರೆಯಬೇಕಿತ್ತು. ನಾನೂ ನಿನ್ನ ಅಕ್ಕನೇ, ಆ ಮನೆಯ ಅನ್ನ ತಿಂದವಳೇ.

ಶನಿವಾರ ಬಸ್ಸು ಹತ್ತಿದೆ. ಹಬ್ಬ ಮುಗಿಸಿದ ಜನ, ಕಾಲಿಡಲು ಜಾಗವಿಲ್ಲ. ನನ್ನ ತೊಡೆಗೆ ಒರಗಿಕೊಂಡು ಯಾರದೋ ಕೂಸು ನಿದ್ದೆ ಮಾಡುತ್ತಿತ್ತು. ಕಂಡಕ್ಟರ್ 'ಆಧಾರ್ ತೋರ್ಸ್ರಿ ಅಮ್ಮಾ' ಎಂದು ನಿಂತ. ಚೀಲಕ್ಕೆ ಕೈ ಹಾಕಿದೆ, ಕೈಗೆ ಸಿಕ್ಕಿದ್ದು ತಾಮ್ರದ ತಂತಿ. ಅದನ್ನು ಬಿಟ್ಟು, ತಡಕಿ ಆಧಾರ್ ತೆಗೆದು ತೋರಿಸಿದೆ. ಆ ಕೂಸಿನ ತಲೆ ಚೀಲದಿಂದ ಗೇಣು ದೂರದಲ್ಲಿತ್ತು. ಹರಿಹರದಲ್ಲಿ ಇಳಿದು ಆಟೊ ಮಾಡಿ ಸೇತುವೆಯ ಮೇಲೆ ಹೋಗಿ ನಿಂತೆ. ಹೊಳೆ ತುಂಬಿತ್ತು. ಪಕ್ಕದಲ್ಲಿ ಇಬ್ಬರು ಹೆಂಗಸರು ಹಬ್ಬದ ಬಾಡಿದ ಹೂವು ಬಿಡುತ್ತಿದ್ದರು. 'ನೀವೇನು ಬಿಡಾಕೆ ಬಂದೀರಿ ಅಕ್ಕಾ' ಎಂದು ಒಬ್ಬಳು ಕೇಳಿದಳು. ಚೀಲ ಬಗಲಿಗೆ ಒತ್ತಿಕೊಂಡು ನಿನ್ನ ಮನೆಗೆ ನಡೆದೆ.

ಮಹಾಂತೇಶ ಪೂಜೆಯ ದಿನ ಮಧ್ಯಾಹ್ನವೇ ಮನೆ ಸೇರಿಕೊಂಡಿದ್ದ. ನನ್ನನ್ನು ನೋಡಿದ ಕೂಡಲೇ 'ನಾನೇನೂ ಮಾಡಿಲ್ಲ ಅತ್ತೆ' ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ರೂಪಶ್ರೀ ಪಾಪ, ಏನೂ ಗೊತ್ತಿಲ್ಲದೆ ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮನೆಯಲ್ಲಿ ಈ ಸಲ ಆಯುಧ ಪೂಜೆ ಹೇಗಾಯಿತು ಎಂದು ಕೇಳಿದೆ. 'ಅವ್ರು ಹೋಗುವಾಗ್ಲೇ ಹೇಳಿದ್ರು ಅಕ್ಕಾರ, ಈ ವರ್ಸ ರಿವಾಲ್ವರ್ ಪೆಟ್ಟಿಗಿ ತೆಗೀಬ್ಯಾಡ, ಮುಚ್ಚಿದಂಗ ಹೂವು ಏರ್ಸು ಅಂತ. ಹಂಗೇ ಮಾಡ್ದೆ' ಎಂದಳು. ಅಲ್ಲಿಯವರೆಗೆ ಮಗ ಕದ್ದುಕೊಂಡು ಹೋಗಿದ್ದಾನೆ ಎಂದೇ ನಾನು ತಿಳಿದಿದ್ದೆ. ಕಲ್ಲೇಶ, ಒಳಗೆ ಏನೂ ಇಲ್ಲ ಎಂದು ಗೊತ್ತಿದ್ದವನು ಮಾತ್ರ ಪೆಟ್ಟಿಗೆ ತೆರೆಯಬೇಡ ಎನ್ನುತ್ತಾನೆ.

ಆಮೇಲೆ ಹುಡುಗ ಎಲ್ಲವನ್ನೂ ಹೇಳಿದ. ಜೂನ್‌ನಲ್ಲಿ ಊಟದ ಸಾಲಿನಲ್ಲಿ ಯಾರೋ ಸೀನಿಯರ್ ಇವನನ್ನು ತಳ್ಳಿದನಂತೆ, ಇವನು ಅಂಗಿ ಹರಿದುಕೊಂಡು ನಿನ್ನ ಮುಂದೆ ಅತ್ತನಂತೆ. ಮಗನನ್ನು ಕರೆದುಕೊಂಡು ವಾರ್ಡನ್ ಹತ್ತಿರ ಹೋಗುವುದು ಬಿಟ್ಟು ನೀನು ಪೆಟ್ಟಿಗೆಯ ಬೀಗ ತೆಗೆದೆ. 'ಹಾಸ್ಟೆಲ್‌ನಾಗ ಎಂಥೆಂಥೋರೋ ಇರ್ತಾರೆ, ಹತ್ರ ಇಟ್ಕ. ಖಾಲಿ ಐತೆ, ಬರೇ ತೋರ್ಸು ಸಾಕು' ಎಂದೆಯಂತೆ. ಎಂಥೆಂಥವರು ಇದ್ದರಪ್ಪ ಅಲ್ಲಿ? ನಿನ್ನ ಮೂಟೆ ಹೊರುವವನ ಮಗ, ಒಂದು ಮೊಟ್ಟೆ ತಿನ್ನಲೂ ಹೆದರುವ ನೌಮಾನ್. ಇಡೀ ಕಟ್ಟಡದಲ್ಲಿ ಹೆದರಬೇಕಾದದ್ದು ಒಂದೇ ಒಂದಿತ್ತು, ಅದನ್ನು ಕಳಿಸಿದವನು ನೀನು. ನಾಲ್ಕು ತಿಂಗಳು ಬಚ್ಚಿಟ್ಟವನು ಪೂಜೆಗೆ ಯಾಕೆ ತಂದಿಟ್ಟೆ ಎಂದು ಕೇಳಿದೆ. ಅದಕ್ಕೆ ಕುಂಕುಮ ತಪ್ಪಿದರೆ ಮನೆಯ ಯಜಮಾನನಿಗೆ ಕೇಡು ಎಂದು ಚಿಕ್ಕಂದಿನಿಂದ ಅವನ ಕಿವಿಗೆ ಊದಿದವನು ನೀನೇ ಅಲ್ಲವೇ? 'ಅಪ್ಪಾಜಿ ಆಸ್ಪತ್ರ್ಯಾಗ ಅದಾರೆ, ಈ ವರ್ಸ ತಪ್ಪಿಸಿದ್ರೆ ಅವ್ರಿಗೇನಾರ ಆದ್ರೆ ಅಂತ ಹೆದ್ರಿಕಿ ಆತು ಅತ್ತೆ' ಎಂದು ಅಳತೊಡಗಿದ. ನೀನು ಅಲ್ಲಿ ಬೊಜ್ಜು ಇಳಿಸಿಕೊಳ್ಳಲು ಮಲಗಿದ್ದೀಯ, ಅವನು ಇಲ್ಲಿ ನಿನ್ನ ಜೀವಕ್ಕೆ ಹೆದರಿದ್ದಾನೆ. ಕೈಗೆ ಸಿಕ್ಕ ಟವೆಲ್ಲಿನಲ್ಲಿ ಸುತ್ತಿ ಇಟ್ಟನಂತೆ. ಯಾರ ಟವೆಲ್ಲು ಎಂದು ನೋಡಲೂ ಇಲ್ಲ. ನಮ್ಮವರು ಕೈ ಒರೆಸಿಕೊಳ್ಳುವಾಗ ಟವೆಲ್ಲು ಯಾರದು ಎಂದು ನೋಡುವುದಿಲ್ಲ, ಅದು ನಮ್ಮ ಮನೆಯ ರೂಢಿ. ಇಷ್ಟೆಲ್ಲ ಆದರೂ ಆ ಹುಡುಗನ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ, ನಿನ್ನ ಮೇಲೆ ಬಂತು.

ಕೇಳು. ನಾಳೆ ಮಂಗಳವಾರ ಹನ್ನೊಂದಕ್ಕೆ ಮಾರುತಿ ಆ ಕಾಗದಕ್ಕೆ ಸಹಿ ಹಾಕಬೇಕು. ಹಾಕಿದರೆ ಅವನ ಓದು ಅಲ್ಲಿಗೆ ಮುಗಿಯುತ್ತದೆ, ನಾಲ್ಕು ವರ್ಷ ಅವನ ಅವ್ವ ಆ ಒಲೆಯ ಮುಂದೆ ನಿಂತದ್ದೂ ನೀರಲ್ಲಿ ಹೋಗುತ್ತದೆ. ಆಮೇಲೆ ಅವನೂ ಅಪ್ಪನ ಜೊತೆ ನಿನ್ನ ಗಿರಣಿಗೇ ಬಂದು ಮೂಟೆ ಹೊರುತ್ತಾನೆ, ನೀನು ಹಬ್ಬಕ್ಕೆ ಅವನಿಗೆ ಒಂದು ಅಂಗಿ ಕೊಡಿಸಿ ಧರ್ಮಾತ್ಮನಾಗುತ್ತೀಯ. ಇದು ನನ್ನ ಕಣ್ಣೆದುರು ಆಗಲು ಬಿಡುವುದಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ತಮ್ಮ ಎಂಬ ಮಮತೆ ಇಲ್ಲವೆಂದಲ್ಲ, ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ಆದರೆ ಶುಕ್ರವಾರ ನಡಾವಳಿ ಬರೆದದ್ದೂ ಇದೇ ಕೈ, ಅದು ನನಗೆ ಹೇಸಿಗೆ ತಂದಿದೆ.

ಮದ್ದು ಪಥ್ಯ ತಪ್ಪಿಸಬೇಡ. ಅಲ್ಲಿ ತೇವ ಜಾಸ್ತಿ, ಕಿವಿಗೆ ಹತ್ತಿ ಇಟ್ಟುಕೋ. ಶಿವ ನಿನಗೆ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಒಂದಿಷ್ಟು ಬುದ್ಧಿ ಕೊಡಲಿ.

ಇಂತಿ ನಿನ್ನ ಅಕ್ಕ,
ಅಕ್ಕನಾಗಮ್ಮ

ತಾ.ಕ.: ಕಾಗದ ಅಂಟಿಸಿರಲಿಲ್ಲ, ಈಗ ಸಂಜೆ ನಾಲ್ಕು. ಹರಿಹರದಿಂದ ಮಹಾಂತೇಶನನ್ನು ಕರೆಸಿ ಜೊತೆಯಲ್ಲೇ ಠಾಣೆಗೆ ಹೋಗಿ ರಿವಾಲ್ವರ್ ಒಪ್ಪಿಸಿ ಬಂದೆ. ನಡೆದದ್ದನ್ನೆಲ್ಲ ನನ್ನ ಕೈಯಲ್ಲೇ ಬರೆದು ಸಹಿ ಹಾಕಿದ್ದೇನೆ, ಶುಕ್ರವಾರದ ಸಭೆಯನ್ನೂ ಬಿಟ್ಟಿಲ್ಲ. ಅವನನ್ನು ಅಲ್ಲೇ ಕೂರಿಸಿಕೊಂಡಿದ್ದಾರೆ, ವಕೀಲರು ಬಂದಿದ್ದಾರೆ, ರೂಪಶ್ರೀ ಜೊತೆಗಿದ್ದಾಳೆ. ನಿನ್ನ ಹತ್ತಿರಕ್ಕೂ ಬರುತ್ತಾರೆ. ಚಿಕಿತ್ಸೆಯವರು ಫೋನು ಕಿತ್ತಿಟ್ಟಂತೆ ಪೊಲೀಸರನ್ನು ಕಿತ್ತಿಡಲಾರರು. ವಾಪಸು ಬರುವ ದಾರಿಯಲ್ಲಿ ಹಾಸ್ಟೆಲ್ಲಿಗೆ ಹೋಗಿ ಓಬವ್ವನಿಗೆ ಹೇಳಿದೆ, ಮಾರುತಿ ಯಾವುದಕ್ಕೂ ಸಹಿ ಹಾಕಬೇಕಿಲ್ಲ ಎಂದು. ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. 'ಶುಕ್ರವಾರನೇ ಹೇಳಬೌದಿತ್ತಲ್ರೀ ಅಮ್ಮಾರ' ಎಂದಳು, ಅಷ್ಟೇ, ಪಲ್ಯ ಹೆಚ್ಚುತ್ತಾ ಕೂತಳು.

ಇನ್ನೊಂದು. ಇನ್ಸ್‌ಪೆಕ್ಟರ್ ಅದನ್ನು ಮೇಜಿನ ಮೇಲೆ ಬಿಚ್ಚಿದರು. ಹಾರಿದ ಗುಂಡಿನ ಖಾಲಿ ಕೊಳವೆ ಒಂದು, ಅದು ನಿನ್ನ ನೀರಿನ ಟ್ಯಾಂಕಿನದು. ಉಳಿದ ಐದೂ ಜೀವಂತ ಗುಂಡು. ಒಂದು ಹಾರಿಸಿದರೆ ಖಾಲಿಯಾಯಿತು ಎಂದುಕೊಂಡೆಯಾ, ಪಟಾಕಿಯೇ ಅದು? ನಿನ್ನ ಮಗನ ಫೋನಿನಲ್ಲಿರುವ ಫೋಟೊಗಳನ್ನು ನನಗೂ ತೋರಿಸಿದರು. ಖಾಲಿ ಇದೆ ಎಂಬ ನಿನ್ನ ಮಾತು ನಂಬಿ, ಕೋಣೆಯ ಕನ್ನಡಿಯ ಮುಂದೆ ಅದನ್ನು ತನ್ನ ಕಿವಿಗೆ ಹಿಡಿದುಕೊಂಡು ನಗುತ್ತಾ ನಾಲ್ಕು ಫೋಟೊ ತೆಗೆದುಕೊಂಡಿದ್ದಾನೆ. ಹಿಂದೆ ಮಾರುತಿ ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ನಾಲ್ಕರಲ್ಲೂ ಬೆರಳು ಟ್ರಿಗರ್ ಮೇಲೆಯೇ ಇದೆ, ಕಲ್ಲೇಶ.